ಒಂದೇ ಬುಟ್ಟಿಯ ಎರಡು ಹಾವುಗಳು

ಹಾವಿನ ಬಾಯಿಗೆ ಹಾಕಿದ ಹೊಲಿಗೆ ಬಿಚ್ಚಲು ಸಣ್ಣ ಕತ್ತರಿಯೇ ಆಗಬೇಕು. ದೊಡ್ಡದರ ತುದಿ ತುಟಿಯ ಅಂಚಿಗೆ ಚುಚ್ಚುತ್ತದೆ. ಒಬ್ಬರು ತಲೆಯ ಹಿಂಭಾಗ ಹಿಡಿದಿರಬೇಕು, ಒಬ್ಬರು ಮೈ ಹಿಡಿದಿರಬೇಕು, ಮೂರನೆಯವರು ದಾರದ ಗಂಟು ಹುಡುಕಿ ಒಂದೇ ಕಡೆ ಕತ್ತರಿಸಿ ಚಿಮುಟದಿಂದ ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ದಾರದ ಜೊತೆ ಚರ್ಮವೂ ಕಿತ್ತು ಬರುತ್ತದೆ. ಆ ದಿನ ಹೈದರಾಬಾದಿನ ಸನತ್‌ನಗರದಲ್ಲಿ, ನಮ್ಮ ಪ್ರಾಣಿರಕ್ಷಣಾ ಸಂಸ್ಥೆಯ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾವು ಮೂವರು ಮಾಡಿದ್ದು ಈ ಕೆಲಸ ಒಂದೇ.

ಮೂವರೆಂದರೆ ಪಶುವೈದ್ಯೆ, ಅವರ ಸಹಾಯಕಿಯಾದ ನಾನು, ಮತ್ತು ಶೆಡ್ಡು ತೊಳೆದು ಕಾವಲು ಕಾಯುತ್ತಿದ್ದ ಕಾಕಾ. ಪಶುವೈದ್ಯೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ತೆಲುಗಿನವರು, ಮಾತು ಕಡಿಮೆ. ಕಾಕಾ ಯಾದಗಿರಿ ಕಡೆಯವರು. ಸೆಂಟ್ರಿಂಗ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಬೆನ್ನು ಸೋತ ಮೇಲೆ ನಮ್ಮಲ್ಲಿ ಸೇರಿದ್ದರು. ಶೆಡ್ಡಿನ ಹಿಂದಿನ ತಗಡಿನ ಕೋಣೆಯಲ್ಲಿ ಅವರೂ ಅವರ ಹೆಂಡತಿ ಕಾಕುವೂ ಇದ್ದರು. ಕಾಕು ಬಾಲಾನಗರದ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಮನೆಯಲ್ಲೂ ಉತ್ತರ ಕರ್ನಾಟಕದ ಮಾತೇ ಆದ್ದರಿಂದ ಕಾಕಾ ನನ್ನನ್ನು ಮೊದಲ ವಾರ ಮೇಡಂ ಎಂದು, ಎರಡನೇ ವಾರದಿಂದ ಮಗಳ ಎಂದು ಕರೆಯತೊಡಗಿದ್ದರು.

ಶ್ರಾವಣಕ್ಕೆ ಇನ್ನೂ ಸಮಯವಿತ್ತು. ಆದರೆ ಹಾವಾಡಿಗರು ನಾಗರಪಂಚಮಿಯ ಹಿಂದಿನ ದಿನ ಹಾವು ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ಹಿಡಿದು, ಹಲ್ಲು ಮುರಿದು, ನಾಲಿಗೆ ಆಡುವಷ್ಟು ಸಂದು ಬಿಟ್ಟು ಬಾಯಿ ಹೊಲಿದು, ಉಪವಾಸ ಕೆಡವುತ್ತಾರೆ. ಬಾಯಾರಿದ ಹಾವು ಎದುರಿಗಿಟ್ಟ ಹಾಲಿಗೂ ಬಾಯಿ ಹಾಕುತ್ತದೆ, ಅದನ್ನು ನೋಡಿ ಜನ ಕೈ ಮುಗಿಯುತ್ತಾರೆ. ಅರಣ್ಯ ಇಲಾಖೆಯವರು ಅಂಥ ಗುಡಾರಗಳ ಮೇಲೆ ದಾಳಿ ಮಾಡಿ ಬುಟ್ಟಿಗಳನ್ನೆಲ್ಲ ಜೀಪಿನಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿದ್ದರು. ಸಂಸ್ಥೆಯ ಮುಖ್ಯಸ್ಥರು ಬಂದು ಬುಟ್ಟಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಹೆಚ್ಚಿನ ಡಬ್ಬಿ ಬೇಕು ಸರ್ ಎಂದೆ. ನೋಡೋಣ ಎಂದು ಹೊರಟರು. ರಕ್ಷಣೆ ಎಂಬ ಪದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ಬುಟ್ಟಿಯಲ್ಲಿ ಎರಡು ಹಾವುಗಳಿದ್ದವು. ದೊಡ್ಡ ನಾಗರಹಾವು ಒಂದು, ಅದರ ಮೈಗೆ ಸುತ್ತಿಕೊಂಡ ಕೇರೆಹಾವು ಒಂದು. ಎರಡರ ಬಾಯಿಯನ್ನೂ ಕಪ್ಪು ದಾರದಲ್ಲಿ ಹೊಲಿದಿದ್ದರು. ಬುಟ್ಟಿಯ ಮಾಲೀಕ ಮುದುಕ ಜೀಪಿನಲ್ಲೇ ಕೂತಿದ್ದ. ಜೋಡಿ ಅಗಲಿಸಬೇಡಿ ಎಂದು ಅವನು ನಮ್ಮ ಕಡೆ ಕೂಗಿದ: "ಜೋಡಾ ಹೈ ಅಮ್ಮಾ, ಅಲಗ್ ಮತ್ ಕರೋ."

ಈ ಜೋಡಿಯ ನಂಬಿಕೆ ನಮಗೆ ಹೊಸದಲ್ಲ. ನಾಗರಹಾವೆಲ್ಲ ಹೆಣ್ಣು, ಕೇರೆ ಅದರ ಗಂಡ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ತೆಲುಗಿನಲ್ಲಿ ಕೇರೆಯ ಹೆಸರೇ ಜೆರ್ರಿಪೋತು, ಪೋತು ಎಂದರೆ ಗಂಡು. ಅವೆರಡೂ ಬೇರೆ ಬೇರೆ ಜಾತಿ, ಎರಡರಲ್ಲೂ ಗಂಡು ಹೆಣ್ಣು ಇರುತ್ತವೆ, ನಾಗರಹಾವಿಗೆ ಕೇರೆ ಎಂದರೆ ಊಟ ಎಂದು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, ಮನೆಗೆ ಹೋಗಿ ಮೊದಲಿನಂತೆಯೇ ನಂಬುತ್ತಾರೆ.

ಆ ನಾಗರಹಾವಿನ ಹೊಲಿಗೆ ಬಿಚ್ಚುವಾಗ ಡಾಕ್ಟರಮ್ಮ ತಲೆ ಹಿಡಿದಿದ್ದರು, ಕಾಕಾ ಮೈ ಹಿಡಿದಿದ್ದರು. ಕೊನೆಯ ದಾರ ಹೊರಬಂದಾಗ ಕೀವಿನ ವಾಸನೆಗೆ ನಾನು ಮುಖ ತಿರುಗಿಸಿದೆ. ಕಾಕಾ ತಿರುಗಿಸಲಿಲ್ಲ. "ಬಿಡುಗಡಿ ಆತು ನೋಡವ್ವ. ಇನ್ನ ಹೊಟ್ಟಿ ತುಂಬ ಉಣ್ಣು," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಬಾಯಿ ತೊಳೆದು, ಔಷಧಿ ಹಚ್ಚಿ, ಒಂದು ಡಬ್ಬಿಯಲ್ಲಿ ನಾಗರಹಾವನ್ನೂ ಇನ್ನೊಂದರಲ್ಲಿ ಕೇರೆಯನ್ನೂ ಬಿಟ್ಟೆವು.

ಡಬ್ಬಿ ಅಂದರೆ ಹಾಸಿಗೆ ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಕಾದ ಕಬ್ಬಿಣದಿಂದ ತೂತು ಕೊರೆದು, ಕೆಳಗೆ ಹಳೆಯ ಪೇಪರು ಹಾಸಿ, ನೀರಿನ ಬಟ್ಟಲಿಟ್ಟು, ಎರಡೂ ಕಡೆ ಚಿಲಕ ಹಾಕುತ್ತಿದ್ದೆವು. ಒಂದು ಡಬ್ಬಿಗೆ ಒಂದೇ ಹಾವು ಎಂಬುದು ಡಾಕ್ಟರಮ್ಮನ ನಿಯಮ. ಒಂದು ಇನ್ನೊಂದನ್ನು ತಿನ್ನುತ್ತದೆ ಎಂಬುದಷ್ಟೇ ಕಾರಣವಲ್ಲ. ಒಂದರ ಮೈಯ ಹೇನು ಇನ್ನೊಂದಕ್ಕೆ ಹತ್ತುತ್ತದೆ, ಒಂದರ ಬಾಯಿಹುಣ್ಣು ನೀರಿನ ಬಟ್ಟಲಿನಿಂದ ಇನ್ನೊಂದಕ್ಕೆ ಬರುತ್ತದೆ. ತನ್ನನ್ನು ತಿನ್ನಬಲ್ಲ ಹಾವಿನ ವಾಸನೆ ಪಕ್ಕದಲ್ಲೇ ಇದ್ದರೆ ಹೆದರಿದ ಹಾವು ಊಟ ಬಿಟ್ಟು ಸೊರಗುತ್ತದೆ.

ಕಾಕಾ ಒಮ್ಮೆ ಕೇಳಿಯೂ ಕೇಳಿದರು: "ಹುತ್ತದಾಗ ಎಲ್ಲಾ ಹಾವು ಕೂಡೇ ಇರತಾವಲ್ಲ ಮಗಳ?"

ನಾನು ಅದನ್ನು ಡಾಕ್ಟರಮ್ಮನಿಗೆ ತೆಲುಗಿನಲ್ಲಿ ದಾಟಿಸಿದೆ. ಹುತ್ತಕ್ಕೆ ಹತ್ತು ಬಾಗಿಲು, ಬೇಡವಾದದ್ದು ಎದ್ದು ಹೋಗಬಹುದು, ಡಬ್ಬಿಗೆ ಇರುವುದು ಒಂದೇ ಮುಚ್ಚಳ, ಅದರ ಚಿಲಕ ನಮ್ಮ ಕೈಯಲ್ಲಿದೆ ಎಂದು ಅವರು ಹೇಳಿದರು. ಕಾಕಾ ಹೂಂ ಎಂದರು.

ಆಮೇಲಿನ ದಿನಗಳು ಸೆಕೆಯಲ್ಲಿ ಕಳೆದವು. ಮಳೆ ಒಂದು ದಿನ ಬಂದು ನಾಲ್ಕು ದಿನ ನಾಪತ್ತೆಯಾಗುತ್ತಿತ್ತು, ಸಿಮೆಂಟ್ ಶೀಟಿನ ಮಾಡು ಕಾದು ಒಳಗೆ ಉಸಿರಾಡಲಾಗುತ್ತಿರಲಿಲ್ಲ. ಗೋಣಿಚೀಲ ನೆನೆಸಿ ಡಬ್ಬಿಗಳ ಮೇಲೆ ಹೊದಿಸುವುದು ಕಾಕಾ ಕೆಲಸ, ದಿನವೂ ಬಾಯಿಗಳನ್ನು ತೆರೆದು ತೊಳೆಯುವುದು ನಮ್ಮದು. ಆದರೂ ಹಾವುಗಳು ಸತ್ತವು. ಹಾಲು ಶ್ವಾಸಕೋಶಕ್ಕೆ ಇಳಿದವು ಮೊದಲು ಸತ್ತವು, ದವಡೆ ಕೊಳೆತವು ಆಮೇಲೆ. ಬೆಳಿಗ್ಗೆ ಬಂದವಳು ಒಂದೊಂದೇ ಮುಚ್ಚಳ ತೆಗೆದು ಕಡ್ಡಿಯಿಂದ ಮುಟ್ಟಿ ನೋಡುತ್ತಿದ್ದೆ. ಅಲುಗದಿದ್ದರೆ ಪಕ್ಕಕ್ಕಿಡುತ್ತಿದ್ದೆ. ಬದುಕಿದವನ್ನು ಕಾಡಿಗೆ ಬಿಡಲು ಕೋರ್ಟಿನ ಆದೇಶ ಬರಬೇಕಿತ್ತು, ಅದು ಬಂದಿರಲಿಲ್ಲ.

ಆ ನಾಗರಹಾವು ಮಾತ್ರ ಚೇತರಿಸಿಕೊಂಡಿತು. ಬಾಯಿಯ ಗಾಯ ಒಣಗಿತು, ಹೆಡೆ ಎತ್ತಿ ಮುಚ್ಚಳಕ್ಕೆ ಬಡಿಯತೊಡಗಿತು. ಇಲಿ ಕೊಟ್ಟರೆ ಮೂಸಿಯೂ ನೋಡಲಿಲ್ಲ. ಪಕ್ಕದ ಡಬ್ಬಿಯ ಕೇರೆ ಕೂಡ ಊಟ ಬಿಟ್ಟಿತ್ತು, ಆದರೆ ಸೊರಗಿದಂತೆ ಕಾಣಲಿಲ್ಲ. ನೀರಿನ ಬಟ್ಟಲಿನ ಸುತ್ತ ಸುಮ್ಮನೆ ಬಿದ್ದುಕೊಂಡಿರುತ್ತಿತ್ತು.

"ಒಂದಕ್ಕೊಂದು ಹಂಬಲಸಾಕತ್ತಾವ," ಎಂದರು ಕಾಕಾ. "ಬುಟ್ಯಾಗ ಎಷ್ಟು ದಿನ ಕೂಡಿ ಇದ್ದವು. ಒಂದು ದಿನಾರ ಜಗಳಾ ಆಡಿದ್ವೇನು? ನೀವು ಓದಿದವರು, ಪುಸ್ತಕದಾಗಿಂದು ಹೇಳತೀರಿ. ನಾ ಕಣ್ಣಿಂದ ನೋಡಿದ್ದು ಹೇಳಾಕತ್ತೀನಿ."

"ಕಾಕಾ, ಅದು ಗಂಡಾ ಹೆಂಡ್ತಿ ಅಲ್ಲರಿ. ದಯಮಾಡಿ ಆ ಡಬ್ಬಿ ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ಲ ಬಿಡು," ಎಂದು ನಕ್ಕರು.

ಎರಡನೆಯ ದಾಳಿಯ ಹಾವುಗಳು ಬಂದದ್ದು ಒಂದು ಸಂಜೆ. ಡಾಕ್ಟರಮ್ಮ ಬೇರೆ ಜಿಲ್ಲೆಗೆ ಹೋಗಿದ್ದರು. ಜೀಪಿನವರು ಬುಟ್ಟಿಗಳನ್ನು ಇಳಿಸುವಷ್ಟು ಹೊತ್ತು ಮಾತ್ರ ನಿಂತರು. ಖಾಲಿ ಡಬ್ಬಿಗಳನ್ನೆಲ್ಲ ತುಂಬಿಸಿದೆವು, ಆಮೇಲೆ ಬಕೆಟ್ಟುಗಳಿಗೆ ಬಲೆ ಕಟ್ಟಿದೆವು, ಆದರೂ ಒಂದು ನಾಗರಹಾವು ಉಳಿಯಿತು. ಅದನ್ನು ಬಟ್ಟೆ ಚೀಲದಲ್ಲೇ ಬೆಳಗಿನವರೆಗೆ ಇಡೋಣ ಎಂದು ಹೇಳಿ ನಾನು ಅಮೀರ್‌ಪೇಟ್‌ನ ಹಾಸ್ಟೆಲಿಗೆ ಹೋದೆ. ಚೀಲದಲ್ಲಿ ಆ ಹಾವು ಒದ್ದಾಡುವುದನ್ನು ಕಾಕಾ ನೋಡುತ್ತ ಕೂತಿದ್ದರಂತೆ. ಕೊನೆಗೆ ಅವರಿಗೆ ತೋಚಿದ್ದು ಇದು: ಜೋಡಿಯನ್ನು ಒಂದೇ ಡಬ್ಬಿಗೆ ಹಾಕಿದರೆ ಒಂದು ಡಬ್ಬಿ ಖಾಲಿಯಾಗುತ್ತದೆ, ಜೋಡಿಗೂ ಸಮಾಧಾನ. ಉದ್ದ ಕೊಕ್ಕೆಯಿಂದ ಕೇರೆಯನ್ನು ಎತ್ತಿ ನಾಗರಹಾವಿನ ಡಬ್ಬಿಗೆ ಬಿಟ್ಟರು. ಚೀಲದಲ್ಲಿದ್ದುದನ್ನು ಖಾಲಿಯಾದ ಡಬ್ಬಿಗೆ ಬಿಟ್ಟರು. ಎರಡಕ್ಕೂ ಚಿಲಕ ಹಾಕಿ, ನೆನೆಸಿದ ಗೋಣಿ ಹೊದಿಸಿ ಮಲಗಿದರು. ದುಷ್ಟತನದಿಂದಲ್ಲ, ಸೋಮಾರಿತನದಿಂದಲೂ ಅಲ್ಲ. ಅದಕ್ಕೇ ನನಗೆ ಇಂದಿಗೂ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುವುದಿಲ್ಲ.

ಬೆಳಿಗ್ಗೆ ನಾನು ಬಂದಾಗ ಕಾಕಾ ಆ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮುಚ್ಚಳ ತೆಗೆದಿತ್ತು. ಕೇರೆಯ ತಲೆ ಕಾಣುತ್ತಿರಲಿಲ್ಲ. ನಾಗರಹಾವು ಅದನ್ನು ತಲೆಯ ಕಡೆಯಿಂದ ನುಂಗುತ್ತ ಬಂದು, ನಡುವಿನಲ್ಲಿ ಮೈ ಉಬ್ಬಿದ್ದ ಜಾಗದಲ್ಲಿ ಸಿಕ್ಕಿಕೊಂಡಿತ್ತು. ದವಡೆ ಹರಿದುಹೋಗುವಷ್ಟು ಅಗಲಿಸಿತ್ತು. ಮುಂದಕ್ಕೂ ಹೋಗುತ್ತಿಲ್ಲ, ಹಿಂದಕ್ಕೂ ಬರುತ್ತಿಲ್ಲ. ಹೊರಗೆ ಉಳಿದ ಕೇರೆಯ ಬಾಲ ಇನ್ನೂ ಅಲುಗುತ್ತಿತ್ತು.

ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಯಾರೂ ಕೈ ಹಾಕಬೇಡಿ, ಕೇರೆ ಸತ್ತಿದೆ, ಬಾಲ ಅಲುಗುವುದಕ್ಕೆ ಅರ್ಥವಿಲ್ಲ, ಮುಚ್ಚಿ ಕತ್ತಲು ಮಾಡಿ, ಆಗದಿದ್ದರೆ ನಾಗರಹಾವು ತಾನೇ ಕಕ್ಕುತ್ತದೆ ಎಂದರು. ಮುಚ್ಚಳ ಎತ್ತಿಕೊಳ್ಳಲು ನಾನು ತಿರುಗಿದೆ.

"ಎರಡೂ ಸಾಯತಾವ ಮಗಳ!"

"ಬ್ಯಾಡ್ರಿ ಕಾಕಾ!"

"ಹಲ್ಲ ಕಿತ್ತಾರ ಅದರದು, ಏನೂ ಆಗಂಗಿಲ್ಲ," ಎನ್ನುತ್ತಲೇ ಕಾಕಾ ಬಲಗೈಯಿಂದ ಕೇರೆಯ ಮೈ ಹಿಡಿದು ಎಳೆದರು. ನಾಗರಹಾವು ಕೇರೆಯನ್ನು ಬಿಟ್ಟಿತು, ಬಿಟ್ಟದ್ದೇ ಅವರ ತೋರುಬೆರಳಿನ ಬುಡವನ್ನು ಕಚ್ಚಿತು. ಕಚ್ಚಿ ಬಿಡಲಿಲ್ಲ, ಅಗಿಯಿತು. ನಾನು ಕೊಕ್ಕೆಯಿಂದ ಅದರ ತಲೆ ಒತ್ತಿ ಬಿಡಿಸಿ ಚಿಲಕ ಹಾಕುವಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಕಚ್ಚಿದ ಜಾಗದಲ್ಲಿ ರಕ್ತ ಬರುತ್ತಿತ್ತು. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು, ನಡೆಸಬಾರದು. ಬೆರಳಿನ ಉಂಗುರ ತೆಗೆದೆ. ಕೈಗೆ ರಟ್ಟು ಕೊಟ್ಟು ಅಲುಗದಂತೆ ಬಟ್ಟೆ ಸುತ್ತಿದೆ. ಸಂಸ್ಥೆಯ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ನಾಗರಹಾವು ಎಂದು ತಿಳಿಸಿದೆ. ಅಮೀರ್‌ಪೇಟ್‌ನಲ್ಲಿ ಮೆಟ್ರೊ ಕೆಳಗೆ ಗಾಡಿಗಳು ಅಲ್ಲಾಡದೆ ನಿಂತಿದ್ದವು. ಕೈ ಮೊಣಕೈಯವರೆಗೆ ಬಾತುಕೊಂಡಿತ್ತು.

"ನಿದ್ದಿ ಬರಾಕತ್ತೈತಿ ಮಗಳ," ಎಂದರು ಕಾಕಾ. ಅದು ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ರೆಪ್ಪೆ ಎತ್ತಲಾಗದೆ ಅರ್ಧ ಮುಚ್ಚಿದ ಕಣ್ಣಲ್ಲಿ ನನ್ನನ್ನು ನೋಡಲು ಯತ್ನಿಸುತ್ತಿದ್ದರು. ಮಾತಾಡ್ರಿ ಕಾಕಾ, ಮಾತಾಡ್ರಿ ಎಂದು ಅವರ ಕೆನ್ನೆ ತಟ್ಟುತ್ತ ನಾನು ಜೋರಾಗಿ ಅಳುತ್ತಿದ್ದೆ. ಆಸ್ಪತ್ರೆಯಲ್ಲಿ ಇಳಿಸುವಾಗ ಅವರಿಗೆ ನುಂಗಲೂ ಬರುತ್ತಿರಲಿಲ್ಲ. ವಿಷಕ್ಕೆ ಔಷಧಿ ಏರಿಸಿದರು, ಉಸಿರಿಗೆ ಯಂತ್ರ ಹಾಕಿದರು. ಜೀವ ಉಳಿಯಿತು. ಆದರೆ ತೋರುಬೆರಳೂ ನಡುಬೆರಳೂ ಕಪ್ಪಾಗಿ ಕೊಳೆಯುತ್ತ ಬಂದವು, ಎರಡನ್ನೂ ತೆಗೆಯಬೇಕಾಯಿತು.

ಮರುದಿನ ಡಾಕ್ಟರಮ್ಮ ಬಂದು ನಾಗರಹಾವಿನ ಬಾಯಿ ತೆರೆದು ತೋರಿಸಿದರು. ಮುರಿದ ಹಲ್ಲಿನ ಬುಡದ ಹಿಂದೆ ಹೊಸ ಹಲ್ಲು ಬಂದಿತ್ತು. ಹಾವಾಡಿಗರು ಹಲ್ಲನ್ನಷ್ಟೇ ಮುರಿಯುತ್ತಾರೆ, ವಿಷದ ಚೀಲ ಒಳಗೇ ಇರುತ್ತದೆ. ಹಲ್ಲು ಕೆಲವೇ ವಾರಗಳಲ್ಲಿ ಮತ್ತೆ ಬರುತ್ತದೆ. ಆಮೇಲೆ ಅವರು ಸತ್ತ ಕೇರೆಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಹೊಟ್ಟೆ ಸೀಳಿದರು. ನಾಗರಹಾವು ಸಿಕ್ಕಿಕೊಂಡಿದ್ದ ಆ ಉಬ್ಬಿನಲ್ಲಿ ಮೊಟ್ಟೆಗಳಿದ್ದವು. ಬೆಳ್ಳಗೆ, ಉದ್ದಕ್ಕೆ, ಒಂದರ ಹಿಂದೆ ಒಂದು.

ಡಾಕ್ಟರಮ್ಮ ಕತ್ತರಿ ಕೆಳಗಿಟ್ಟರು. ಊಟ ಬಿಟ್ಟದ್ದು ಇದಕ್ಕೆ, ಒಂದು ಸಲ ಹೊಟ್ಟೆ ಮುಟ್ಟಿ ನೋಡಲು ನನಗೂ ಪುರುಸೊತ್ತಾಗಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಮೊಟ್ಟೆಗಳನ್ನು ತೆಗೆದು, ಒದ್ದೆ ಮಾಡಿದ ತೆಂಗಿನ ನಾರಿನ ಪುಡಿಯಲ್ಲಿ ಹೂತು, ಒಂದು ಸಣ್ಣ ಡಬ್ಬಿಯಲ್ಲಿಟ್ಟೆ. ಉಳಿಯುವುದು ಅನುಮಾನ ಎಂದರು. ಬಾಗಿಲವರೆಗೆ ಹೋದವರು ತಿರುಗಿ, ಕಾಕಾಗೆ ಇದನ್ನು ಹೇಳಬೇಡ, ಈಗಾಗಲೇ ಸಾಕಷ್ಟು ಕಳಕೊಂಡಿದ್ದಾರೆ ಎಂದರು. ನನಗೂ ಅದೇ ಸರಿ ಅನ್ನಿಸಿತು.

ವಾರ್ಡಿಗೆ ಬಂದ ಮೇಲೆ ಕಾಕಾ ನನ್ನನ್ನು ಮೊದಲು ಕೇಳಿದ್ದು ತಮ್ಮ ಬೆರಳಿನ ಮಾತಲ್ಲ. "ಗಂಡ ಉಳದೈತೇನು?"

"ಇಲ್ಲ ಕಾಕಾ. ಹೋತು."

ಅವರು ಗೋಡೆಯ ಕಡೆ ತಿರುಗಿ ಅತ್ತರು. ಆಮೇಲೆ ಹೇಳಿದರು: "ಮೊದಲ ನಾವು ಜೋಡಿ ಅಗಲಿಸಿದ್ದ ತಪ್ಪು. ಮತ್ತ ಅವು ಕೂಡಿದಾಗ ನಾ ಕೈ ಹಾಕಿ ಜಗ್ಗಿದೆ. ನಾಗಪ್ಪಗ ಸಿಟ್ಟ ಬಂತು. ಎರಡ ಬೆರಳ ತಗೊಂಡು ಬಿಟ್ಟಾನ, ದೊಡ್ಡಾಂವ ಅಂವ."

ಹಾಗಲ್ಲ ಕಾಕಾ ಎಂದು ಹೇಳಲು ಬಾಯಿ ತೆರೆದೆ. ಆದರೆ ಆ ದೋಷದ ಕಥೆಯಲ್ಲಿ ಅವರಿಗೆ ಒಂದು ನೆಲೆ ಸಿಕ್ಕಿತ್ತು. ತಪ್ಪು, ಶಿಕ್ಷೆ, ಕ್ಷಮೆ ಮೂರೂ ಅದರಲ್ಲಿದ್ದವು. ನನ್ನ ಬಳಿ ಇದ್ದುದರಲ್ಲಿ ಕ್ಷಮೆ ಇರಲಿಲ್ಲ. ಮೋಸಂಬಿ ಸುಲಿದು ಕೊಟ್ಟು ಬಂದೆ.

ಕಾಕಾ ಕೆಲಸ ಹೋಗಬಾರದೆಂದು ಕಾಕು ಕಟ್ಟಡದ ಕೆಲಸ ಬಿಟ್ಟು ಶೆಡ್ಡಿಗೆ ಬರತೊಡಗಿದರು. ನೆಲ ತೊಳೆಯುವುದು, ಗೋಣಿ ನೆನೆಸುವುದು, ಅಷ್ಟೇ. ಡಬ್ಬಿ ತೆರೆಯಬಾರದೆಂದು ಹೇಳಿದ್ದೆ. ಗಟ್ಟಿ ಹೆಂಗಸು, ಹೇಳಿದ್ದಕ್ಕೆ ಎದುರು ಮಾತಿಲ್ಲ. ಒಂದು ಮಧ್ಯಾಹ್ನ ಔಷಧಿ ತರಲು ಹೋದವಳು ಬೇಗ ವಾಪಸು ಬಂದೆ. ಆ ನಾಗರಹಾವಿನ ಡಬ್ಬಿಯ ಒಂದು ಚಿಲಕ ತೆಗೆದಿತ್ತು, ಇನ್ನೊಂದರ ಮೇಲೆ ಕಾಕುವಿನ ಕೈಯಿತ್ತು. ಪಕ್ಕದಲ್ಲಿ ಬಟ್ಟೆ ಚೀಲ, ಅದರೊಳಗೆ ಏನೋ ಹೊರಳಾಡುತ್ತಿತ್ತು. ಎರಡನೆಯ ದಾಳಿಯಲ್ಲಿ ಬಂದ ಕೇರೆ ಅದು. ಮುಂದೆ ಅರಿಶಿನ ಕುಂಕುಮ ಇಟ್ಟಿದ್ದರು.

"ಕಾಕು! ಕೈ ತಗೀರಿ!"

ಅವರು ಬೆಚ್ಚಲಿಲ್ಲ. "ಒಂದ ಜೋಡಿ ಅಗಲಿಸೀವಿ, ಒಂದ ಜೋಡಿ ಕೂಡಸ್ತೀನಿ ಅಂತ ಹರಕಿ ಹೊತ್ತೀನವ್ವ. ಇಲ್ಲಂದ್ರ ಉಳದ ಕೈನೂ ಹೋಗತೈತಿ. ಅವರೂ ಹೂಂ ಅಂದಾರ."

ನಾನು ಉಳಿಸಿದ ಸುಳ್ಳು ಆಸ್ಪತ್ರೆಯಿಂದ ನಡೆದು ಬಂದು ಇಲ್ಲಿ ಚಿಲಕ ತೆಗೆಯುತ್ತಿತ್ತು. ಚಿಲಕ ಹಾಕಿದೆ. ಕಾಕುವಿನ ಕೈ ಹಿಡಿದು ಕಪಾಟಿನ ಬಳಿ ಕರೆದೊಯ್ದು, ಮೊಟ್ಟೆಗಳ ಡಬ್ಬಿಯ ಮುಚ್ಚಳ ತೆರೆದೆ. ಕೆಲವು ಆಗಲೇ ಕುಗ್ಗಿ ಹಳದಿಯಾಗಿದ್ದವು.

"ಇವು ಆ ಕೇರಿ ಹೊಟ್ಟ್ಯಾಗ ಇದ್ವು. ಅದು ಗಂಡಲ್ಲ ಕಾಕು, ಹೆಣ್ಣು. ಗಂಡಾ ಹೆಂಡ್ತಿ ಅನ್ನೂದು ಎಲ್ಲಾ ಸುಳ್ಳು. ನಾಗರ ಅದನ್ನ ತಿನ್ನಾಕತ್ತಿತ್ತು."

ಕಾಕು ಒಂದು ಮೊಟ್ಟೆಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಹೋಗಿ ಅರಿಶಿನ ಕುಂಕುಮವನ್ನು ಸೆರಗಿನಿಂದ ಒರೆಸಿ ತೆಗೆದರು. ಚೀಲದಲ್ಲಿದ್ದ ಕೇರೆಯನ್ನು ಅದರ ಡಬ್ಬಿಗೆ ನಾನೇ ಬಿಟ್ಟೆ.

"ಅವರಿಗೆ ನೀನ ಹೇಳು," ಎಂದರು. "ನಾ ಹೇಳಿದ್ರ ನಂಬಂಗಿಲ್ಲ. ಹೇಳದಿದ್ರ ನಾಳೆ ಬಂದು ಅವರ ಕೂಡಸ್ತಾರ."

ಕಾಕಾ ಮನೆಗೆ ಬಂದ ದಿನ ಸಂಜೆ ನಾವಿಬ್ಬರೂ ಆ ಡಬ್ಬಿಯನ್ನು ತಗಡಿನ ಕೋಣೆಗೆ ಒಯ್ದೆವು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದರು. ನಾನು ಏನನ್ನೂ ಮೆತ್ತಗೆ ಮಾಡದೆ ಹೇಳಿದೆ. ಹೆಣ್ಣು ಎಂದೆ, ಮೊಟ್ಟೆ ಎಂದೆ, ನಾಗರಹಾವಿನ ಗಂಟಲಲ್ಲಿ ಸಿಕ್ಕಿಕೊಂಡದ್ದು ಅವೇ ಎಂದೆ. ಅವರು ಎಡಗೈಯಲ್ಲಿ ಡಬ್ಬಿ ಹಿಡಿದು ಒಳಗೆ ನೋಡಿದರು. ಬೂಷ್ಟು ಹಿಡಿದ ವಾಸನೆ ಬರುತ್ತಿತ್ತು.

"ಬಸಿರಿದ್ಲೇನು?" ಎಂದರು.

"ಹೌದ್ರಿ."

"ಸುಳ್ಳ ಹೇಳಬ್ಯಾಡ ಮಗಳ." ಅವರ ದನಿ ಏರಿತು. "ಹಂಗಾದ್ರ ಬುಟ್ಯಾಗ ಅಷ್ಟು ದಿನ ಹ್ಯಾಂಗ ಕೂಡಿ ಇದ್ವು? ತಿನ್ನೂದಾದ್ರ ಅವತ್ತ ಯಾಕ ತಿನ್ನಲಿಲ್ಲ? ಹೇಳು!"

"ಬಾಯಿ ಹೊಲದಿದ್ರು ಕಾಕಾ," ಎಂದೆ.

ಹೊರಗೆ ಯಾವುದೋ ಕಾರ್ಖಾನೆಯ ಪಾಳಿ ಮುಗಿದು ಜನ ಮಾತಾಡುತ್ತ ಹೋಗುತ್ತಿದ್ದರು. ಕಾಕಾ ಡಬ್ಬಿಯನ್ನು ಮಂಚದ ಮೇಲೆ ಇಟ್ಟರು. ಕಾಕು ಹೋಗಿ ಪಕ್ಕದಲ್ಲಿ ಕೂತರು.

"ಹೊಲಿಗಿ ಬಿಚ್ಚೂ ಮುಂದ ಅದರ ಮೈ ಹಿಡಕೊಂಡಾಂವ ನಾನ ಅಲ್ಲೇನು?"

"ಹೌದ್ರಿ ಕಾಕಾ."

"ನಾನ ಹೇಳಿದ್ದೆ ಅದಕ್ಕ," ಎಂದರು. "ಇನ್ನ ಹೊಟ್ಟಿ ತುಂಬ ಉಣ್ಣು ಅಂತ."